ಕಾಲೇಜಿನಲ್ಲಿ 23 ಸ್ಯಾಕ್, ಡ್ರಾಫ್ಟ್‌ನಲ್ಲಿ 123ನೇ ನಂಬರ್: ಜ್ಯಾಕ್ ಸಾಯರ್ ಎನ್‌ಎಫ್‌ಎಲ್‌ನಲ್ಲಿ ನಿಲ್ಲುತ್ತಾನಾ?

ಪ್ರಶ್ನೆ: ನಾವು ಒಹಾಯೊದ ಕೊಲಂಬಸ್‌ನಲ್ಲಿದ್ದೇವೆ. ಮಗ ಎಂಟನೇ ಕ್ಲಾಸು. ಮನೆಯಲ್ಲಿ ಕ್ರಿಕೆಟ್ ಹಿಂದೆ ಸರಿದು ಒಹಾಯೊ ಸ್ಟೇಟ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಬಂದು ಕೂತಿದೆ. 2025ರ ಜನವರಿಯಲ್ಲಿ ಟೆಕ್ಸಸ್ ವಿರುದ್ಧ ಜ್ಯಾಕ್ ಸಾಯರ್ ಚೆಂಡು ಉದುರಿಸಿ 83 ಯಾರ್ಡ್ ಓಡಿದಾಗ ನಮ್ಮ ಅಪಾರ್ಟ್‌ಮೆಂಟ್ ಪೂರ್ತಿ ಕಿರುಚಿತ್ತು. ಅಂಥವನನ್ನು ಡ್ರಾಫ್ಟ್‌ನಲ್ಲಿ (ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ ತಂಡಗಳು ಸುತ್ತು ಸುತ್ತಾಗಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) ನಾಲ್ಕನೇ ಸುತ್ತಿನವರೆಗೆ ಯಾರೂ ಕೇಳಲಿಲ್ಲ. ಮೂರು ವರ್ಷದಲ್ಲಿ ನಾಲ್ಕೂವರೆ ಸ್ಯಾಕ್ ಮಾಡಿದ ಇನ್ನೊಬ್ಬ ಹುಡುಗ ಮೊದಲ ಸುತ್ತಿನಲ್ಲೇ ಹೋದ. ಇದು ಯಾವ ನ್ಯಾಯ ಎಂದು ಮಗ ದಿನಾ ಕೇಳುತ್ತಾನೆ. ಅವನನ್ನು ಆರಿಸಿದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದಲ್ಲಿ ಸಾಯರ್‌ಗೆ ಭವಿಷ್ಯ ಇದೆಯಾ? ಅಥವಾ ಕಾಲೇಜಿನ ಹೀರೋ ಆಗಿಯೇ ಮುಗಿದುಹೋಗುತ್ತಾನಾ?

ಉತ್ತರ: ಮೇಡಂ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಸಾಯರ್ ಎನ್‌ಎಫ್‌ಎಲ್‌ನಲ್ಲಿ ಉಳಿದುಕೊಳ್ಳುತ್ತಾನೆ ಎಂದೇ ನನ್ನ ಅಂದಾಜು. ಕೋಚ್‌ಗಳು ಸುಲಭಕ್ಕೆ ಕೈಬಿಡದ ಆಟಗಾರ ಆಗುತ್ತಾನೆ. ಆದರೆ ವರ್ಷಕ್ಕೆ 15 ಸ್ಯಾಕ್ ಮಾಡುವ ದೊಡ್ಡ ಸ್ಟಾರ್ ಆಗುತ್ತಾನೆ ಎಂದು ಮಗನಿಗೆ ಮಾತು ಕೊಡಬೇಡಿ. ನಾಲ್ಕನೇ ಸುತ್ತು ಅನ್ಯಾಯವೇನೂ ಅಲ್ಲ. ಸ್ವಲ್ಪ ತಡ ಆಯಿತು ಅಂತ ನನಗೂ ಅನಿಸಿತು, ಅಷ್ಟೇ. ಮೂರನೇ ಸುತ್ತಿನಲ್ಲಿ ಹೋಗುತ್ತಾನೆ ಅಂದುಕೊಂಡಿದ್ದೆ.

ಈ ಆಟ ಹೊಸದಾಗಿರುವ ಓದುಗರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನು ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದು ಸ್ಯಾಕ್. ಸಾಲಿನ ತುದಿಯಿಂದ ನುಗ್ಗಿ ಈ ಕೆಲಸ ಮಾಡುವವನೇ ಪಾಸ್ ರಷರ್. ಅವನನ್ನು ತಡೆಯಲು ಎದುರಿಗೆ ನಿಲ್ಲುವವನು ಟ್ಯಾಕಲ್, ತೂಕ ಸುಮಾರು 145 ಕಿಲೋ. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ ಸ್ಯಾಕ್ ಲೆಕ್ಕ. ನಾಲ್ಕೂವರೆ ಎಂಬ ಲೆಕ್ಕ ಬರುವುದು ಹಾಗೆ.

ಈಗ ಆ ಟೆಕ್ಸಸ್ ಆಟಕ್ಕೆ ಬರೋಣ. 2025ರ ಜನವರಿ 10, ಆರ್ಲಿಂಗ್ಟನ್‌ನ ಕಾಟನ್ ಬೌಲ್, ಸೆಮಿಫೈನಲ್. ಒಹಾಯೊ ಸ್ಟೇಟ್ 21, ಟೆಕ್ಸಸ್ 14. ಟೆಕ್ಸಸ್ ಗೋಲ್ ಗೆರೆಯಿಂದ ಒಂದು ಯಾರ್ಡ್ ದೂರದಲ್ಲಿ ನಿಂತಿತ್ತು. ಅಲ್ಲಿಂದ ನೇರ ನುಗ್ಗುವ ಬದಲು ಪಕ್ಕಕ್ಕೆ ಚೆಂಡು ಕೊಟ್ಟು ಏಳು ಯಾರ್ಡ್ ಹಿಂದೆ ಹೋದರು. ಕೊನೆಯದಾದ ನಾಲ್ಕನೇ ಪ್ರಯತ್ನಕ್ಕೆ ಎಂಟು ಯಾರ್ಡ್ ಬೇಕಾಗಿತ್ತು. ಈಗ ಎಸೆಯದೆ ಬೇರೆ ದಾರಿಯೇ ಇಲ್ಲ. ಅದು ಮೈದಾನದಲ್ಲಿದ್ದ ಎಲ್ಲರಿಗೂ ಗೊತ್ತು, ಸಾಯರ್‌ಗೂ ಗೊತ್ತು. ಕ್ವಿನ್ ಯೂವರ್ಸ್ ಕೈಯಿಂದ ಚೆಂಡು ಬಿತ್ತು, ಸಾಯರ್ ಎತ್ತಿಕೊಂಡು ಓಡಿದ. 28-14. ಯೂವರ್ಸ್ 2021ರಲ್ಲಿ ಒಹಾಯೊ ಸ್ಟೇಟ್‌ನಲ್ಲಿದ್ದಾಗ ಇದೇ ಸಾಯರ್‌ನ ರೂಮ್‌ಮೇಟ್. ಇಂಥದ್ದನ್ನು ಸಿನಿಮಾದಲ್ಲಿ ತೋರಿಸಿದರೆ ಜಾಸ್ತಿ ಆಯ್ತು ಅಂತೀವಿ, ಅಲ್ವಾ?

ಆದರೆ ಎನ್‌ಎಫ್‌ಎಲ್ ತಂಡಕ್ಕೆ ಆಟಗಾರರನ್ನು ಹುಡುಕುವ ಸ್ಕೌಟ್ ಆ ಆಟವನ್ನು ನೋಡುವ ರೀತಿ ಬೇರೆ. ಅವನು ಮೊದಲ ಎರಡು ಸೆಕೆಂಡ್ ಮಾತ್ರ ಹಿಂದೆ ಮುಂದೆ ಓಡಿಸಿ ನೋಡುತ್ತಾನೆ. ಆಮೇಲಿನ 83 ಯಾರ್ಡ್ ಅವನಿಗೆ ಬೇಕಿಲ್ಲ. ಎದುರಿನ ಟ್ಯಾಕಲ್‌ನನ್ನು ಹೇಗೆ ದಾಟಿದ? ಕೈ ಎಲ್ಲಿ ಇಟ್ಟ? ಭುಜ ಎಷ್ಟು ಕೆಳಗೆ ಬಂತು? ಅವನಷ್ಟೇ ದಾಟಿದನಾ, ಅಥವಾ ಪಕ್ಕದವನ ಒತ್ತಡಕ್ಕೆ ಕ್ವಾರ್ಟರ್‌ಬ್ಯಾಕ್ ಇವನ ಕಡೆಗೆ ಸರಿದನಾ? ಇದೇ ಆಟಗಾರ ಮುಂದಿನ ವರ್ಷ ಇನ್ನೂ ದೊಡ್ಡ, ಇನ್ನೂ ಚುರುಕಾದ ಟ್ಯಾಕಲ್ ಎದುರು ಇದನ್ನೇ ಮಾಡಬಲ್ಲನಾ? ಕೊನೆಯ ಪ್ರಶ್ನೆಗೇ ದುಡ್ಡು.

ಸ್ಯಾಕ್ ಲೆಕ್ಕವನ್ನು ಹಾಗಾಗಿಯೇ ಯಾರೂ ಮುಖಬೆಲೆಗೆ ತೆಗೆದುಕೊಳ್ಳುವುದಿಲ್ಲ. ಸಾಯರ್ ನಾಲ್ಕು ವರ್ಷದಲ್ಲಿ ಕ್ರಮವಾಗಿ 3, 4.5, 6.5, 9 ಸ್ಯಾಕ್ ಮಾಡಿದ. ಪ್ರತಿ ವರ್ಷ ಏರಿದೆ, ಒಳ್ಳೆಯದು. ಆದರೆ ಅವನ ಅಕ್ಕಪಕ್ಕ ಯಾರಿದ್ದರು ನೋಡಿ. ಆಚೆ ತುದಿಯಲ್ಲಿ ಜೆ.ಟಿ. ಟುಯಿಮೊಲೊವಾವ್, 2024ರಲ್ಲಿ 12.5 ಸ್ಯಾಕ್. ಒಳಗೆ ಟೈಲೀಕ್ ವಿಲಿಯಮ್ಸ್, ಮೊದಲ ಸುತ್ತಿನಲ್ಲಿ ಡೆಟ್ರಾಯಿಟ್‌ಗೆ ಹೋದವನು. ಅವನ ಪಕ್ಕ ಟೈ ಹ್ಯಾಮಿಲ್ಟನ್, ಐದನೇ ಸುತ್ತು. ಅಂದರೆ ಮುಂದಿನ ಸಾಲಿನ ನಾಲ್ವರೂ ಡ್ರಾಫ್ಟ್ ಆದರು. ಹಿಂದೆ ಪಾಸ್ ಕಾಯಲು ಕೇಲೆಬ್ ಡೌನ್ಸ್‌ನಂಥ ಸೇಫ್ಟಿ. ಕ್ವಾರ್ಟರ್‌ಬ್ಯಾಕ್‌ಗೆ ಎಸೆಯಲು ಯಾರೂ ಸಿಗದೆ ಚೆಂಡು ಹಿಡಿದು ನಿಂತರೆ, ಮೂರೂವರೆ ಸೆಕೆಂಡ್ ಆದಮೇಲೆ ಯಾರಾದರೂ ತಲುಪಿಯೇ ತಲುಪುತ್ತಾರೆ. ಅದೂ ಲೆಕ್ಕದಲ್ಲಿ ಒಂದು ಸ್ಯಾಕ್. ಎರಡು ಸೆಕೆಂಡ್‌ನಲ್ಲಿ ಒಬ್ಬನೇ ನುಗ್ಗಿ ಕೆಡವಿದರೂ ಒಂದೇ ಸ್ಯಾಕ್. ಎನ್‌ಎಫ್‌ಎಲ್‌ನಲ್ಲಿ ಚೆಂಡು ಸಾಮಾನ್ಯವಾಗಿ ಮೂರು ಸೆಕೆಂಡ್ ಒಳಗೇ ಹೊರಟುಹೋಗುತ್ತದೆ. ಮೊದಲ ಬಗೆಯ ಸ್ಯಾಕ್ ಅಲ್ಲಿ ಅಪರೂಪ.

ನಾಲ್ವರು ಒಳ್ಳೆಯವರು ಒಂದೇ ಸಾಲಿನಲ್ಲಿದ್ದರೆ ಇನ್ನೊಂದು ಅನುಕೂಲ ಇದೆ. ಎದುರಾಳಿ ಇಬ್ಬರನ್ನು ಹಾಕಿ ಯಾರನ್ನು ತಡೆಯಬೇಕು? ಒಬ್ಬನಿಗೆ ಇಬ್ಬರನ್ನು ಹಾಕಿದರೆ ಮತ್ತೊಬ್ಬ ಖಾಲಿ. ಹಾಗಂತ ಸಾಯರ್ ಪುಕ್ಕಟೆ ಸ್ಯಾಕ್ ಮಾಡಿದ ಅಂತಲ್ಲ. ಅವನ ಅತ್ಯುತ್ತಮ ಆಟ ಬಂದದ್ದು ಪ್ಲೇಆಫ್‌ನಲ್ಲಿ, ಬಲವಾದ ತಂಡಗಳ ಎದುರು. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ.

ನೀವು ಕೊಲಂಬಸ್‌ನವರಾದ್ದರಿಂದ ನಿಮ್ಮೂರಿನ ಚರಿತ್ರೆಯಿಂದಲೇ ಉದಾಹರಣೆ ಕೊಡುತ್ತೇನೆ. ಇದಕ್ಕಿಂತ ಒಳ್ಳೆಯ ಪಾಠ ಬೇರೆ ಕಡೆ ಸಿಗುವುದಿಲ್ಲ.

2007ರಲ್ಲಿ ವರ್ನನ್ ಗೋಲ್‌ಸ್ಟನ್ ಒಹಾಯೊ ಸ್ಟೇಟ್‌ಗೆ ಒಂದೇ ಸೀಸನ್‌ನಲ್ಲಿ 14 ಸ್ಯಾಕ್ ಮಾಡಿದ. ಆಗ ಅದು ಕಾಲೇಜಿನ ದಾಖಲೆ. ಮೈಕಟ್ಟು ನೋಡಿದರೆ ಶಿಲ್ಪ ಕೆತ್ತಿದ ಹಾಗೆ. ಸ್ಕೌಟ್‌ಗಳ ಮುಂದೆ 225 ಪೌಂಡ್ ಬಾರನ್ನು 37 ಸಲ ಎತ್ತಿದ. 2008ರಲ್ಲಿ ನ್ಯೂಯಾರ್ಕ್ ಜೆಟ್ಸ್ ಅವನನ್ನು ಆರನೇ ನಂಬರಿಗೆ ತೆಗೆದುಕೊಂಡಿತು. ಮೂರು ಸೀಸನ್, 45 ಪಂದ್ಯ. ಸ್ಯಾಕ್ ಎಷ್ಟು ಗೊತ್ತಾ? ಸೊನ್ನೆ. ಒಂದೂ ಇಲ್ಲ. ಕಾಲೇಜಿನಲ್ಲಿ ಕೈ ನೆಲಕ್ಕೆ ಊರಿ ಆಡುತ್ತಿದ್ದವನನ್ನು ಜೆಟ್ಸ್ ಎದ್ದು ನಿಲ್ಲಿಸಿ ಔಟ್‌ಸೈಡ್ ಲೈನ್‌ಬ್ಯಾಕರ್ (ಸಾಲಿನ ತುದಿಯಲ್ಲಿ ನಿಂತೇ ಆಡುವವನು) ಮಾಡಲು ಹೋಯಿತು. ಈ ವಿಷಯ ನೆನಪಿಟ್ಟುಕೊಳ್ಳಿ, ಸಾಯರ್ ವಿಚಾರದಲ್ಲಿ ಮತ್ತೆ ಬರುತ್ತದೆ.

2015ರಲ್ಲಿ ಜೋಯಿ ಬೋಸಾ ಕಾಲೇಜಿನ ಕೊನೆಯ ಸೀಸನ್‌ನಲ್ಲಿ ಐದೇ ಐದು ಸ್ಯಾಕ್ ಮಾಡಿದ. 40 ಯಾರ್ಡ್ ಓಟಕ್ಕೆ 4.86 ಸೆಕೆಂಡ್, ಈ ಜಾಗದ ಆಟಗಾರನಿಗೆ ಅದು ನಿಧಾನವೇ. ಆದರೂ ಮೂರನೇ ನಂಬರಿಗೆ ಹೋದ. ಮೊದಲ ವರ್ಷ 12 ಪಂದ್ಯಗಳಲ್ಲಿ 10.5 ಸ್ಯಾಕ್, ವರ್ಷದ ಅತ್ಯುತ್ತಮ ಹೊಸ ಡಿಫೆನ್ಸ್ ಆಟಗಾರ. ತಮ್ಮ ನಿಕ್ ಬೋಸಾ 2018ರಲ್ಲಿ ಗಾಯದಿಂದಾಗಿ ಮೂರು ಪಂದ್ಯಕ್ಕೇ ಕಾಲೇಜು ಆಟ ಮುಗಿಸಿದ. ಅವನನ್ನೂ ಎರಡನೇ ನಂಬರಿಗೆ ತೆಗೆದುಕೊಂಡರು. 2022ರಲ್ಲಿ 18.5 ಸ್ಯಾಕ್ ಮಾಡಿ ಇಡೀ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ ಆದ. ಆಮೇಲೆ ಚೇಸ್ ಯಂಗ್. 2019ರಲ್ಲಿ 16.5 ಸ್ಯಾಕ್ ಮಾಡಿ ಗೋಲ್‌ಸ್ಟನ್ ದಾಖಲೆ ಮುರಿದ. ಅವನೂ ಎರಡನೇ ನಂಬರ್. ಮೊದಲ ವರ್ಷ ಪ್ರಶಸ್ತಿ ಬಂತು, ಎರಡನೇ ವರ್ಷ ಮಂಡಿಯ ಲಿಗಮೆಂಟ್ ಹರಿಯಿತು. ಆಮೇಲೆ ಎರಡು ಸಲ ತಂಡ ಬದಲಾಯಿಸಿದ.

ಒಂದೇ ಕಾಲೇಜು, ಒಂದೇ ಬಣ್ಣದ ಜೆರ್ಸಿ. ಜಾಸ್ತಿ ಸ್ಯಾಕ್ ಮಾಡಿದವರಲ್ಲಿ ಒಬ್ಬ ಸೊನ್ನೆ, ಇನ್ನೊಬ್ಬ ಅರ್ಧ ದಾರಿ. ಕೊನೆಯ ವರ್ಷ ಕಡಿಮೆ ಲೆಕ್ಕ ಇದ್ದ ಅಣ್ಣತಮ್ಮಂದಿರು ಇಬ್ಬರೂ ಗೆದ್ದರು. ಹಾಗಾದರೆ ಬೋಸಾ ಸಹೋದರರಲ್ಲಿ ಸ್ಕೌಟ್‌ಗಳು ಕಂಡದ್ದು ಏನು? ಕೈಗಳು. ಟ್ಯಾಕಲ್‌ನ ಕೈ ಎದೆಗೆ ಬರುವ ಮೊದಲೇ ಅದನ್ನು ಹೊಡೆದು ಕೆಳಗಿಳಿಸುವ ಸಮಯಪ್ರಜ್ಞೆ. ಜೊತೆಗೆ ತಿರುವು. ನೇರ ಓಟದಲ್ಲಿ ನಿಧಾನವಾದ ಜೋಯಿ, ಮೂರು ಕೋನ್ ಸುತ್ತ ತಿರುಗಿ ಓಡುವ ಪರೀಕ್ಷೆಯಲ್ಲಿ 6.89 ಸೆಕೆಂಡ್ ಮಾಡಿದ. ಅಷ್ಟು ದೊಡ್ಡ ಮೈಗೆ ಅದು ಅದ್ಭುತ. ಪಾಸ್ ರಷರ್ ಮೈದಾನದಲ್ಲಿ 40 ಯಾರ್ಡ್ ನೇರ ಓಡುವುದು ಯಾವಾಗ? ಸಾಯರ್ ಓಡಿದ ಹಾಗೆ ಜೀವನದಲ್ಲಿ ಒಮ್ಮೆ. ಪ್ರತಿ ಸಲ ಮಾಡಬೇಕಾದದ್ದು ಐದಾರು ಯಾರ್ಡ್ ನುಗ್ಗಿ, ವಾಲಿಕೊಂಡು, ಮೂಲೆ ತಿರುಗುವುದು.

ಸಾಯರ್‌ನ ಮುಖ್ಯ ಕೊರತೆ ಇರುವುದು ಇಲ್ಲೇ. ಈ ವಾಲುವಿಕೆಗೆ ಆ ಲೋಕದಲ್ಲಿ ‘ಬೆಂಡ್’ ಅನ್ನುತ್ತಾರೆ. ಕಣಕಾಲು, ಸೊಂಟ ಎರಡೂ ಸಡಿಲ ಇರಬೇಕು. ಮೈ ನೆಲಕ್ಕೆ ಓರೆಯಾಗಿ ಬಾಗಿದರೂ ವೇಗ ಕಡಿಮೆ ಆಗಬಾರದು. ಸಾಯರ್ ಮೂಲೆಯಲ್ಲಿ ನೇರವಾಗಿ ಎದ್ದುಬಿಡುತ್ತಾನೆ. ಎದ್ದ ತಕ್ಷಣ ಟ್ಯಾಕಲ್ ಅವನನ್ನು ಕ್ವಾರ್ಟರ್‌ಬ್ಯಾಕ್‌ನ ಹಿಂದಕ್ಕೆ ತಳ್ಳಿಕೊಂಡು ಹೋಗುತ್ತಾನೆ. ಟೇಪ್‌ನಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಇದು ಶ್ರಮದಿಂದ ಪೂರ್ತಿ ಸರಿಹೋಗುವ ವಿಷಯ ಅಲ್ಲ, ಹುಟ್ಟಿನಿಂದ ಬರುವ ಪಾಲು ಜಾಸ್ತಿ.

ಎರಡನೆಯದು ಕೈಯ ಉದ್ದ. ಸಾಯರ್ 6 ಅಡಿ 4 ಇಂಚು, ಸುಮಾರು 260 ಪೌಂಡ್, ಅಂದರೆ 118 ಕಿಲೋ. ಎತ್ತರ ತೂಕಕ್ಕೆ ಏನೂ ಕಡಿಮೆ ಇಲ್ಲ. ಆದರೆ ತೋಳು 32 ಇಂಚಿನ ಆಸುಪಾಸು. ಎದುರಿನ ಟ್ಯಾಕಲ್‌ಗಳ ತೋಳು 34 ಇಂಚು ಇರುವುದು ಸಾಮಾನ್ಯ. ಕಬಡ್ಡಿ ನೋಡಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತದೆ. ಉದ್ದ ಕೈಯ ಡಿಫೆಂಡರ್ ಮೊದಲು ಹಿಡಿದುಬಿಟ್ಟರೆ ರೈಡರ್‌ನ ಚುರುಕುತನ ಎಲ್ಲ ಅಲ್ಲೇ ನಿಂತುಹೋಗುತ್ತದೆ. ಎರಡು ಇಂಚು ಅಂದರೆ ಯಾರು ಯಾರನ್ನು ಮೊದಲು ಮುಟ್ಟುತ್ತಾರೆ ಅನ್ನುವ ಪ್ರಶ್ನೆ.

ಇನ್ನು ನಿಮ್ಮ ಮಗ ಸಿಟ್ಟಾಗಿರುವ ಆ ನಾಲ್ಕೂವರೆ ಸ್ಯಾಕ್ ಹುಡುಗ. ಅದು ಟೆಕ್ಸಸ್ ಎ ಆ್ಯಂಡ್ ಎಮ್‌ನ ಶೆಮಾರ್ ಸ್ಟೂವರ್ಟ್. ಮೂರು ವರ್ಷ, ವರ್ಷಕ್ಕೆ ಒಂದೂವರೆ ಸ್ಯಾಕ್. ಸಿನ್ಸಿನಾಟಿ ಬೆಂಗಲ್ಸ್ ಅವನನ್ನು 17ನೇ ನಂಬರಿಗೆ ತೆಗೆದುಕೊಂಡಿತು. 6 ಅಡಿ 5 ಇಂಚು, 267 ಪೌಂಡ್, ತೋಳು 34 ಇಂಚಿಗೂ ಜಾಸ್ತಿ, 40 ಯಾರ್ಡ್‌ಗೆ 4.59 ಸೆಕೆಂಡ್, ನಿಂತಲ್ಲಿಂದ 40 ಇಂಚು ಮೇಲಕ್ಕೆ ಜಿಗಿತ. 120 ಕಿಲೋ ಮನುಷ್ಯ ಹೀಗೆ ಹಾರುವುದನ್ನು ಕಂಡರೆ ಕೋಚ್‌ಗಳು ‘ಮಿಕ್ಕದ್ದು ನಾನು ಕಲಿಸುತ್ತೇನೆ’ ಅಂದುಬಿಡುತ್ತಾರೆ. ಕೋಚ್‌ಗಳ ಈ ಆತ್ಮವಿಶ್ವಾಸದ ಮೇಲೆ ನನಗೆ ಸ್ವಲ್ಪ ಅನುಮಾನವೇ. ಗೋಲ್‌ಸ್ಟನ್ ವಿಷಯದಲ್ಲೂ ಇದೇ ಮಾತು ನಡೆದಿತ್ತು.

ಆದರೆ ಅವರು ಸುಮ್ನೆ ಹೇಳುವುದಲ್ಲ. ಡೇನಿಯಲ್ ಹಂಟರ್ ಎಂಬವನು ಎಲ್‌ಎಸ್‌ಯು ಕಾಲೇಜಿನಲ್ಲಿ ಒಟ್ಟು ನಾಲ್ಕೂವರೆ ಸ್ಯಾಕ್ ಮಾಡಿದ್ದ, ಸ್ಟೂವರ್ಟ್‌ನ ಲೆಕ್ಕವೇ. 2015ರಲ್ಲಿ ಮಿನೆಸೋಟ ಅವನನ್ನು ಮೂರನೇ ಸುತ್ತಿನಲ್ಲಿ, 88ನೇ ನಂಬರಿಗೆ ತೆಗೆದುಕೊಂಡಿತು. ಅವನು 25 ವರ್ಷ ತುಂಬಿದ ಒಂದೂವರೆ ತಿಂಗಳೊಳಗೇ 50 ಸ್ಯಾಕ್ ಮುಟ್ಟಿದ. 2023ರಲ್ಲಿ ಒಂದೇ ಸೀಸನ್‌ಗೆ 16.5. ಎಲ್‌ಎಸ್‌ಯುನಲ್ಲಿ ಅವನಿಗೆ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗು ಅಂತ ಬಿಡುತ್ತಿದ್ದದ್ದೇ ಕಡಿಮೆ. ಜಾಗ ಕಾಯುವುದು, ರನ್ ಅಂದರೆ ಚೆಂಡು ಹಿಡಿದು ಓಡುವ ಆಟವನ್ನು ತಡೆಯುವುದು ಅವನ ಕೆಲಸವಾಗಿತ್ತು. ಸ್ಟೂವರ್ಟ್‌ನನ್ನು ಆರಿಸಿದವರ ತಲೆಯಲ್ಲಿ ಇದ್ದದ್ದು ಈ ಹಂಟರ್ ಥರದ ಕನಸು. ಆದರೆ ಹಂಟರ್‌ಗೆ ತೆತ್ತ ಬೆಲೆ 88ನೇ ನಂಬರ್, ಸ್ಟೂವರ್ಟ್‌ಗೆ 17. ಅದು ನನಗೆ ದುಬಾರಿ ಅನಿಸುತ್ತದೆ. 2025ರ ಬೇಸಿಗೆಯಲ್ಲಿ ಒಪ್ಪಂದದ ಒಂದೆರಡು ಸಾಲಿಗಾಗಿ ಬೆಂಗಲ್ಸ್ ಮತ್ತು ಅವನ ನಡುವೆ ಉದ್ದಕ್ಕೆ ಹಗ್ಗಜಗ್ಗಾಟವೂ ಆಯಿತು.

ಮಗನಿಗೆ ನೀವು ಹೀಗೆ ಹೇಳಬಹುದು. ಡ್ರಾಫ್ಟ್ ಬಹುಮಾನ ವಿತರಣೆ ಅಲ್ಲ. ಮಾಡಿದ್ದಕ್ಕೆ ಕೊಡುವುದಲ್ಲ, ಮುಂದೆ ಮಾಡಬಹುದಾದ್ದಕ್ಕೆ ಕಟ್ಟುವ ಹಣ. ಮೊದಲ ಸುತ್ತಿನಲ್ಲಿ ತಂಡಗಳು ಸ್ಟಾರ್ ಹುಡುಕುತ್ತವೆ. ಅಲ್ಲಿ ಹತ್ತರಲ್ಲಿ ಮೂರು ಸಲ ಗೆದ್ದರೂ ಲಾಭ ಅನ್ನುವ ಲೆಕ್ಕಾಚಾರ. ಯಾಕೆಂದರೆ ನಿಜವಾದ ಪಾಸ್ ರಷರ್‌ನನ್ನು ಹೊರಗಿನಿಂದ ಕೊಳ್ಳಲು ಹೋದರೆ ಬೆಲೆ ಆಕಾಶದಲ್ಲಿದೆ. 2025ರ ಜುಲೈನಲ್ಲಿ ಸ್ಟೀಲರ್ಸ್ ತಂಡವೇ ಟಿ.ಜೆ. ವಾಟ್‌ಗೆ ಮೂರು ವರ್ಷಕ್ಕೆ 12.3 ಕೋಟಿ ಡಾಲರ್ ಬರೆದುಕೊಟ್ಟಿತು. (ಸಾಯರ್‌ನ ನಂಬರ್ 123, ವಾಟ್‌ನ ಒಪ್ಪಂದ 123 ಮಿಲಿಯನ್. ಕಾಕತಾಳೀಯ, ಆದರೆ ನಿಮ್ಮ ಮಗನಿಗೆ ಇಷ್ಟವಾಗುತ್ತದೆ.) ನಾಲ್ಕನೇ ಸುತ್ತಿನಲ್ಲಿ ಹುಡುಕುವುದು ಬೇರೆ. ತಂಡದಲ್ಲಿ ಜಾಗ ಮಾಡಿಕೊಳ್ಳುವವನು, ವಾರ ವಾರ ನಂಬಬಹುದಾದವನು.

ಆ ದೃಷ್ಟಿಯಿಂದ ನೋಡಿದರೆ ಸಾಯರ್ ಬಲು ಒಳ್ಳೆಯ ಸರಕು. ಅವನ ಬಲ ಎಲ್ಲಿದೆ ಹೇಳುತ್ತೇನೆ, ಈ ಭಾಗವನ್ನು ಯಾರೂ ಸರಿಯಾಗಿ ಬರೆಯುವುದಿಲ್ಲ. ರನ್ ಆಟದಲ್ಲಿ ಅವನ ತುದಿಯನ್ನು ಒಡೆಯುವುದು ಕಷ್ಟ. ಕಾಲು ಊರಿ ನಿಂತು, ಟ್ಯಾಕಲ್‌ನನ್ನು ಹಿಡಿದಿಟ್ಟು, ಕೊನೆ ಗಳಿಗೆಯಲ್ಲಿ ಬಿಡಿಸಿಕೊಂಡು ಓಟಗಾರನನ್ನು ಹಿಡಿಯುತ್ತಾನೆ. ಎನ್‌ಎಫ್‌ಎಲ್‌ನಲ್ಲಿ ಹೊಸ ಹುಡುಗನಿಗೆ ಮೈದಾನಕ್ಕೆ ಟಿಕೆಟ್ ಸಿಗುವುದೇ ಇದರಿಂದ. ರನ್ ತಡೆಯಲು ಬಾರದವನನ್ನು, ಎದುರಾಳಿ ಹೆಚ್ಚಾಗಿ ಚೆಂಡು ಎಸೆಯುವ ಮೂರನೇ ಪ್ರಯತ್ನಕ್ಕೆ ಮಾತ್ರ ಇಳಿಸುತ್ತಾರೆ. ಎರಡನೆಯದು, ಕ್ವಾರ್ಟರ್‌ಬ್ಯಾಕ್ ತನಕ ತಲುಪಲಾಗದಿದ್ದರೆ ಅಲ್ಲೇ ನಿಂತು ಕೈ ಎತ್ತುತ್ತಾನೆ. ಕಾಲೇಜಿನಲ್ಲಿ ಎಷ್ಟೋ ಪಾಸ್‌ಗಳನ್ನು ಹೀಗೆ ತಟ್ಟಿ ಬೀಳಿಸಿದ್ದಾನೆ. ಸ್ಯಾಕ್ ಲೆಕ್ಕದಲ್ಲಿ ಇದು ಬರುವುದಿಲ್ಲ, ಆದರೆ ಎದುರಾಳಿಗೆ ಒಂದು ಪ್ರಯತ್ನ ಹೋಯಿತು. ಮೂರನೆಯದು, ಅವನ ಬುಲ್ ರಷ್. ಟ್ಯಾಕಲ್‌ನ ಎದೆಗೇ ನುಗ್ಗಿ ಅವನನ್ನೇ ಹಿಂದಕ್ಕೆ ದಬ್ಬಿಕೊಂಡು ಹೋಗುವ ದಾಳಿ. ಇದಕ್ಕೆ ಬೆಂಡ್ ಬೇಡ, ಬಲ ಮತ್ತು ಕೈ ಇಡುವ ಜಾಗ ಸರಿ ಇದ್ದರೆ ಸಾಕು.

ಆಮೇಲೆ ಹಠ. 2024ರ ನವೆಂಬರ್ 30ರಂದು ಮಿಶಿಗನ್ ನಿಮ್ಮೂರಲ್ಲೇ 13-10 ಗೆದ್ದು ಮೈದಾನದ ಮಧ್ಯೆ ಬಾವುಟ ನೆಡಲು ಬಂದಾಗ ಅದನ್ನು ಕೋಲಿನಿಂದ ಕಿತ್ತು ಹರಿದವನು ಇವನೇ ಅಲ್ವಾ? ಜಗಳ ಒಳ್ಳೆಯದು ಅಂತ ಎಂಟನೇ ಕ್ಲಾಸಿನ ಹುಡುಗನಿಗೆ ಹೇಳಬೇಡಿ. ಆದರೆ ಆ ಸೋಲಿನ ನಂತರದ ನಾಲ್ಕು ಪಂದ್ಯಗಳಲ್ಲಿ ಅವನ ಆಟ ಹೇಗೆ ಏರಿತು ಎಂಬುದನ್ನು ಸ್ಕೌಟ್‌ಗಳೂ ಬರೆದುಕೊಂಡಿರುತ್ತಾರೆ. ಕೊನೆಗೆ ಜನವರಿ 20ರಂದು ನೋಟ್ರ ಡೇಮ್ ಮೇಲೆ 34-23 ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದದ್ದು ನಿಮಗೆ ನಾನು ಹೇಳಬೇಕಿಲ್ಲ.

ಈಗ ಪಿಟ್ಸ್‌ಬರ್ಗ್. ಇಲ್ಲಿ ಗೋಲ್‌ಸ್ಟನ್ ಪಾಠ ನೆನಪಿಸಿಕೊಳ್ಳಿ. ಸ್ಟೀಲರ್ಸ್ ಆಡುವುದು ಹಳೆಯ ಕಾಲದಿಂದಲೂ 3-4 ಪದ್ಧತಿ. ಮುಂದೆ ಮೂವರು ದಪ್ಪನೆಯವರು, ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳು. ಸಾಲಿನ ತುದಿಯಲ್ಲಿ ಕೈ ಊರಿ ಆಡುವ, ಸಾಯರ್‌ನಂಥ ಕಾಲೇಜಿನ ಡಿಫೆನ್ಸಿವ್ ಎಂಡ್ ಇಲ್ಲಿ ಎದ್ದು ನಿಂತು ಆಡಬೇಕು. ಒಮ್ಮೊಮ್ಮೆ ನುಗ್ಗುವುದು ಬಿಟ್ಟು ಹಿಂದೆ ಸರಿದು ಪಾಸ್ ಕಾಯಬೇಕು. ಒಹಾಯೊ ಸ್ಟೇಟ್‌ನಲ್ಲಿ ಇದರ ರುಚಿ ಅವನಿಗೆ ಒಮ್ಮೆ ಆಗಿದೆ. 2022ರಲ್ಲಿ ಹೊಸ ಕೋಆರ್ಡಿನೇಟರ್ ಜಿಮ್ ನೋಲ್ಸ್ ಬಂದಾಗ ‘ಜ್ಯಾಕ್’ ಎಂಬ ಅರ್ಧ ಎಂಡ್, ಅರ್ಧ ಲೈನ್‌ಬ್ಯಾಕರ್ ಜಾಗ ಮಾಡಿ ಸಾಯರ್‌ನನ್ನು ಅಲ್ಲಿಟ್ಟರು. ಅಷ್ಟಕ್ಕಷ್ಟೇ ಆಯಿತು. ಮುಂದಿನ ವರ್ಷ ಕೈ ಊರಿ ಆಡುವ ಹಳೆಯ ಜಾಗಕ್ಕೆ ವಾಪಸ್ ಹಾಕಿದ ಮೇಲೆ ಅವನು ಅರಳಿದ. ಇದನ್ನು ಎರಡು ರೀತಿ ಓದಬಹುದು. ಎದ್ದು ನಿಂತ ಆಟ ಅವನಿಗೆ ಹಿಡಿಸಲಿಲ್ಲ ಅನ್ನಬಹುದು. 20 ವರ್ಷಕ್ಕೇ ಆ ಪಾಠ ಒಂದು ಸುತ್ತು ಕಲಿತಿದ್ದಾನೆ ಅಂತಲೂ ಅನ್ನಬಹುದು. ನಾನು ಎರಡನೆಯದರ ಕಡೆಗೆ ವಾಲುತ್ತೇನೆ, ಯಾಕೆಂದರೆ ಆಟ ಓದುವ ತಲೆ ಅವನಿಗಿದೆ.

ಜಾಗದ ಪ್ರಶ್ನೆ ಇನ್ನೂ ಕಠಿಣ. ಮುಂದೆ ವಾಟ್ ಇದ್ದಾನೆ. ಆಚೆ ಬದಿಗೆ ಅಲೆಕ್ಸ್ ಹೈಸ್ಮಿತ್, 2022ರಲ್ಲಿ 14.5 ಸ್ಯಾಕ್ ಮಾಡಿದವನು. ಮೂರನೆಯವನು ನಿಕ್ ಹರ್ಬಿಗ್, 2023ರ ನಾಲ್ಕನೇ ಸುತ್ತಿನ ಆಯ್ಕೆ, ಸಣ್ಣ ಮೈ, ಆದರೆ ಸಾಯರ್‌ಗಿಲ್ಲದ ವೇಗ ಅವನಲ್ಲಿದೆ. ಹಾಗಾಗಿ 2025ರಲ್ಲಿ ತಂಡ ಸೇರಿದಾಗ ಸಾಯರ್ ನಾಲ್ಕನೆಯವನು. ಮೊದಲ ವರ್ಷ ಅವನಿಗೆ ಮುಖ್ಯ ಕೆಲಸ ಸ್ಪೆಷಲ್ ಟೀಮ್ಸ್, ಅಂದರೆ ಕಿಕ್ ಹೊಡೆಯುವಾಗ, ಹಿಡಿಯುವಾಗ ಓಡುವ ಪಡೆ. ಜೊತೆಗೆ ಪಂದ್ಯಕ್ಕೆ ಹತ್ತು ಹದಿನೈದು ಸ್ನ್ಯಾಪ್ (ಆಡಲು ಇಳಿಯುವ ಒಂದೊಂದು ಸರದಿ) ಸಿಕ್ಕರೆ ಅದೇ ದೊಡ್ಡದು. ನಿಮ್ಮ ಮಗ ಭಾನುವಾರ ಟಿವಿ ಮುಂದೆ ಕೂತು ಇವನನ್ನು ಹುಡುಕಿ ಬೇಜಾರಾಗಬಾರದು. ಒಂದೇ ಸಮಾಧಾನ, ಕಾಲೇಜಿನ ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್‌ನನ್ನೂ ಸ್ಟೀಲರ್ಸ್ ಆರನೇ ಸುತ್ತಿನಲ್ಲಿ ತೆಗೆದುಕೊಂಡಿದೆ. ಲ್ಯಾಟ್ರೋಬ್‌ನ ತರಬೇತಿ ಕ್ಯಾಂಪಿನಲ್ಲಿ ಪರಿಚಯದ ಮುಖ ಒಂದು ಸಿಕ್ಕಿತು.

ಆದರೆ ಒಪ್ಪಂದಗಳ ಕ್ಯಾಲೆಂಡರ್ ನೋಡಿ. ಡ್ರಾಫ್ಟ್ ಆದವರಿಗೆ ಮೊದಲ ಒಪ್ಪಂದ ನಾಲ್ಕು ವರ್ಷ. ಹರ್ಬಿಗ್‌ನದು 2026ರ ಸೀಸನ್‌ಗೆ ಮುಗಿಯುತ್ತದೆ. ಅವನು ಚೆನ್ನಾಗಿ ಆಡಿದರೆ ಬೇರೆ ತಂಡ ದೊಡ್ಡ ಹಣ ಕೊಟ್ಟು ಎಳೆದುಕೊಳ್ಳಬಹುದು. ಹೈಸ್ಮಿತ್ ಒಪ್ಪಂದ 2027ರವರೆಗೆ. ವಾಟ್‌ಗೆ 2025ರ ಅಕ್ಟೋಬರ್‌ಗೆ 31. ಸಾಯರ್‌ನ ಅಗ್ಗದ ಒಪ್ಪಂದ 2028ರ ತನಕ ಇರುತ್ತದೆ. ದುಬಾರಿಯಾದ ಇಬ್ಬರು ಮೇಲೆ, ಕಡಿಮೆ ಸಂಬಳಕ್ಕೆ ಗಟ್ಟಿಯಾಗಿ ಆಡುವವನು ಕೆಳಗೆ ಇದ್ದರೆ ಲೆಕ್ಕ ನೋಡುವ ಮ್ಯಾನೇಜರ್ ಯಾರನ್ನು ಉಳಿಸಿಕೊಳ್ಳುತ್ತಾನೆ? ನನ್ನ ಪ್ರಕಾರ ಅವನ ನಿಜವಾದ ಅವಕಾಶ 2027ರಲ್ಲಿ.

ನಾಲ್ಕನೇ ಸುತ್ತಿನಿಂದ ಬಂದು ಮೆರೆದವರ ಪಟ್ಟಿ ನಿಮಗೆ ಎಲ್ಲ ಕಡೆ ಸಿಗುತ್ತದೆ. ಮ್ಯಾಕ್ಸ್ ಕ್ರಾಸ್ಬಿ 106, ಜಡೇರಿಯಸ್ ಸ್ಮಿತ್ 122, ಜ್ಯಾರೆಡ್ ಆಲನ್ 126. ಆಲನ್ 136 ಸ್ಯಾಕ್ ಮಾಡಿದ. 2025ರ ಆಗಸ್ಟ್‌ನಲ್ಲಿ ನಿಮ್ಮ ರಾಜ್ಯದ ಕ್ಯಾಂಟನ್‌ನಲ್ಲೇ ಹಾಲ್ ಆಫ್ ಫೇಮ್‌ಗೆ ಸೇರಿದ. ಅಷ್ಟು ದೂರ ಅಲ್ಲ, ಮಗನನ್ನು ಒಮ್ಮೆ ಕರೆದುಕೊಂಡು ಹೋಗಿ. ಆದರೆ ಈ ಪಟ್ಟಿ ನೋಡಿ ಜಾಸ್ತಿ ಆಸೆ ಪಡಬೇಡಿ. ನಮಗೆ ನೆನಪಿರುವುದು ಗೆದ್ದವರ ಹೆಸರು ಮಾತ್ರ. ಅದೇ ಸುತ್ತಿನಲ್ಲಿ ಬಂದು ಎರಡು ಮೂರು ವರ್ಷಕ್ಕೆ ಮನೆಗೆ ಹೋದವರು ಬಹಳ ಮಂದಿ. ಅವರ ಪಟ್ಟಿ ಯಾರೂ ಮಾಡುವುದಿಲ್ಲ.

ನನಗೆ ಸಾಯರ್‌ನನ್ನು ನೋಡಿದಾಗ ನೆನಪಾಗುವವನು ಬೇರೆ. ಮೈಕ್ ವ್ರೇಬಲ್. ಒಹಾಯೊದ ಏಕ್ರನ್ ಊರಿನವನು, ಒಹಾಯೊ ಸ್ಟೇಟ್‌ನ ಡಿಫೆನ್ಸಿವ್ ಎಂಡ್. ಎತ್ತರ ತೂಕ ಹೆಚ್ಚುಕಡಿಮೆ ಸಾಯರ್‌ನದೇ. ಕಾಲೇಜಿನಲ್ಲಿ ಒಟ್ಟು 36 ಸ್ಯಾಕ್ ಮಾಡಿ ದಾಖಲೆ ಬರೆದ. ಅವನನ್ನೂ 1997ರಲ್ಲಿ ಇದೇ ಸ್ಟೀಲರ್ಸ್ ತೆಗೆದುಕೊಂಡಿತು. ಮೂರನೇ ಸುತ್ತು, 91ನೇ ನಂಬರ್. ಅವನನ್ನೂ ಎದ್ದು ನಿಲ್ಲಿಸಿ ಔಟ್‌ಸೈಡ್ ಲೈನ್‌ಬ್ಯಾಕರ್ ಮಾಡಿದರು. ನಾಲ್ಕು ವರ್ಷ ಪಿಟ್ಸ್‌ಬರ್ಗ್‌ನಲ್ಲಿದ್ದ. ಒಂದು ಪಂದ್ಯದಲ್ಲೂ ಮೊದಲ ಹನ್ನೊಂದರಲ್ಲಿ ಆಡಲಿಲ್ಲ, ಒಟ್ಟು ಏಳು ಸ್ಯಾಕ್. 2001ರಲ್ಲಿ ನ್ಯೂ ಇಂಗ್ಲೆಂಡ್‌ಗೆ ಹೋದ. ಅಲ್ಲಿ ಅವನ ಬುದ್ಧಿ, ರನ್ ತಡೆಯುವ ಶಕ್ತಿ, ಎಲ್ಲಿ ನಿಲ್ಲಿಸಿದರೂ ಆಡುವ ಗುಣ ಎಲ್ಲಕ್ಕೂ ಬೆಲೆ ಬಂತು. ಮೂರು ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದ. ಗೋಲಿನ ಹತ್ತಿರ ಅವನನ್ನು ಪಾಸ್ ಹಿಡಿಯಲೂ ಕಳಿಸುತ್ತಿದ್ದರು. ಹಿಡಿದ ಪ್ರತಿಯೊಂದು ಪಾಸೂ ಟಚ್‌ಡೌನ್. 2007ರಲ್ಲಿ 12.5 ಸ್ಯಾಕ್ ಮಾಡಿದ, ಆಗ ಅವನಿಗೆ 32. ಈಗ ಅದೇ ತಂಡದ ಹೆಡ್ ಕೋಚ್.

ವ್ರೇಬಲ್‌ಗೂ ಬೆಂಡ್ ಇರಲಿಲ್ಲ. ಒಬ್ಬನೇ ಆಟ ತಿರುಗಿಸುವ ಪಾಸ್ ರಷರ್ ಅವನೆಂದೂ ಆಗಿರಲಿಲ್ಲ. ಆದರೆ ಅವನಿಲ್ಲದ ಆ ತಂಡವನ್ನು ಊಹಿಸಿಕೊಳ್ಳುವುದು ಕಷ್ಟ. ಸಾಯರ್‌ಗೆ ಸಿಗಬಹುದಾದ ಒಳ್ಳೆಯ ದಾರಿ ಇದು ಎಂದು ನಾನು ಹೇಳುತ್ತೇನೆ. ಅದು ಪಿಟ್ಸ್‌ಬರ್ಗ್‌ನಲ್ಲೇ ಆಗಬೇಕು ಅಂತಿಲ್ಲ. ಎರಡನೇ ತಂಡದಲ್ಲಿ, ಕೈ ಊರಿ ಆಡಿಸುವ ಬೇರೆ ಪದ್ಧತಿಯಲ್ಲಿ ಆಗಬಹುದು. ಒಳ್ಳೆಯ ವರ್ಷಗಳಲ್ಲಿ ಆರೇಳು ಸ್ಯಾಕ್, ಪಂದ್ಯಕ್ಕೆ 35-40 ಸ್ನ್ಯಾಪ್. ಕೆಟ್ಟ ದಾರಿಯೂ ಇದೆ. ನಾಲ್ಕು ವರ್ಷ ಸ್ಪೆಷಲ್ ಟೀಮ್ಸ್‌ನಲ್ಲೇ ಕಳೆದು ಸದ್ದಿಲ್ಲದೆ ಹೊರಬೀಳುವುದು. ಎರಡರಲ್ಲಿ ಮೊದಲನೆಯದಕ್ಕೆ ನನ್ನ ಮತ.

ಹಾಗಾದರೆ ಮುಂದೆ ಏನು ನೋಡಬೇಕು? ಸ್ಯಾಕ್ ಎಣಿಸಬೇಡಿ. ಪ್ರೀಸೀಸನ್ ಪಂದ್ಯಗಳಲ್ಲಿ ಸಾಯರ್ ಎಷ್ಟು ಹೊತ್ತಿಗೆ ಮೈದಾನಕ್ಕೆ ಬರುತ್ತಾನೆ ನೋಡಿ. ಎದುರಾಳಿಯ ಮೊದಲ ಸಾಲಿನ ಟ್ಯಾಕಲ್‌ಗಳು ಇನ್ನೂ ಆಡುತ್ತಿರುವಾಗ ಬಂದರೆ ಕೋಚ್‌ಗಳಿಗೆ ನಂಬಿಕೆ ಇದೆ ಅಂತ ಅರ್ಥ. ಆಮೇಲೆ ಬುಲ್ ರಷ್ ನಂತರ ಎರಡನೇ ಏಟು ಇದೆಯಾ ನೋಡಲು ಮಗನಿಗೆ ಹೇಳಿ. ಕಾಲೇಜಿನಲ್ಲಿ ಅವನ ಮೊದಲ ನುಗ್ಗಾಟ ನಿಂತರೆ ಅಲ್ಲಿಗೇ ನಿಲ್ಲುತ್ತಿತ್ತು. ಎದುರಿನವನು ತಡೆಯಲು ಮುಂದಕ್ಕೆ ವಾಲಿದಾಗ ಅವನ ಕೈ ಎಳೆದು ಒಳಗಿನಿಂದ ಜಾರಿಕೊಳ್ಳುವುದನ್ನು ಕಲಿತರೆ, ಬೆಂಡ್ ಇಲ್ಲದೆಯೂ ಬದುಕಬಹುದು. ಅದನ್ನು ಪಕ್ಕದಲ್ಲೇ ನಿಂತು ಕಲಿಸಲು ವಾಟ್ ಇದ್ದಾನೆ. ವಾಟ್ ಕೂಡ ವಿಸ್ಕಾನ್ಸಿನ್ ಕಾಲೇಜಿಗೆ ಪಾಸ್ ಹಿಡಿಯುವ ಟೈಟ್ ಎಂಡ್ ಆಗಿ ಹೋಗಿ, ತಡವಾಗಿ ಈ ಕೆಲಸ ಕಲಿತವನು.

ಇನ್ನೊಂದು ಮಜಾ ಇದೆ. ಸ್ಟೀಲರ್ಸ್ ಮತ್ತು ಬೆಂಗಲ್ಸ್ ಒಂದೇ ಡಿವಿಷನ್. ಸಾಯರ್ ಮತ್ತು ಸ್ಟೂವರ್ಟ್ ತಂಡಗಳು ವರ್ಷಕ್ಕೆ ಎರಡು ಸಲ ಎದುರಾಗುತ್ತವೆ. ಒಂದು ಪಂದ್ಯ ಸಿನ್ಸಿನಾಟಿಯಲ್ಲೇ, ನಿಮ್ಮ ಮನೆಯಿಂದ ಎರಡು ಗಂಟೆಯ ದಾರಿ. ಆ ಎರಡೂ ಪಂದ್ಯಗಳಲ್ಲಿ ಇಬ್ಬರಿಗೂ ಎಷ್ಟು ಸ್ನ್ಯಾಪ್ ಸಿಕ್ಕಿತು, ರನ್ ಬಂದಾಗ ಯಾರು ಜಾಗ ಬಿಡಲಿಲ್ಲ, ಮಗ ಬರೆದಿಟ್ಟುಕೊಳ್ಳಲಿ. ಜನವರಿಯಲ್ಲಿ ಅದನ್ನು ನನಗೆ ಕಳಿಸಿ, ನಾನೂ ಹೋಲಿಸಿ ನೋಡುತ್ತೇನೆ.